ಆಟಕ್ಕೊಂದು ನೆಪ ಬೇಕೇ?

ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಮೇಲೆ ಕಾಮೋಠೆಯ ಹೌಸಿಂಗ್ ಸೊಸೈಟಿಗಳಲ್ಲಿ ಒಂದು ತಿಂಗಳು ಬೇರೆ ಮಾತೇ ಇರುವುದಿಲ್ಲ. ಯಾವ ಬ್ರ್ಯಾಂಚು, ಯಾವ ಕಾಲೇಜು, ಎಷ್ಟು ಫೀ. ನಮ್ಮ ಮನೆಯಲ್ಲಿ ಈ ವರ್ಷ ಆ ಮಾತು ಬೇರೆ ದಾರಿ ಹಿಡಿದಿದೆ. ಮಗಳಿಗೆ ಅನಿಮೇಷನ್ ಮತ್ತು ಗೇಮ್ ಡಿಸೈನ್ ಓದಬೇಕಂತೆ. ಅದರಲ್ಲೂ ಐದಾರು ವರ್ಷದ ಮಕ್ಕಳು ನೋಡಿ ನಗುವಂಥ, ಆಡಿ ಮರೆತುಬಿಡುವಂಥ ಹಗುರವಾದವುಗಳನ್ನೇ ಮಾಡಬೇಕಂತೆ. ಬೆಳಗಾವಿಯಿಂದ ಫೋನ್ ಮಾಡಿದ ನನ್ನ ಅಪ್ಪ ಮೊಮ್ಮಗಳನ್ನು ಕೇಳಿದರು: "ಏನವ್ವಾ, ಆಟಾ ಕಲಿಯಾಕ ಯಾರರ ಕಾಲೇಜಿಗಿ ಹೋಗ್ತಾರೇನು?" ಇವಳು, "ಅಜ್ಜಾ, ಅದೂ ಆರ್ಟೇ ಅಲ್ವಾ?" ಅಂದಳು. "ಆರ್ಟ್ ಅಂದ್ರ ರವಿವರ್ಮಾ" ಅಂತ ಅತ್ತ ಕಡೆಯಿಂದ ತೀರ್ಪು ಬಂತು.

ಸಂಬಳದ ಪ್ರಶ್ನೆ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ಮಕ್ಕಳನ್ನು ನಗಿಸಲು ಮಾಡಿದ ಚಿತ್ರ, ಆಡಿಸಲು ಮಾಡಿದ ಆಟ ಕಲೆಯೋ ಅಲ್ಲವೋ ಎಂಬ ಪ್ರಶ್ನೆಯನ್ನು ಮಾತ್ರ ಚರಿತ್ರೆಯ ಕಡೆಯಿಂದ ನೋಡಬೇಕು ಅನ್ನಿಸಿತು. ನಾನು ಚರಿತ್ರೆ ಓದಿದವನಲ್ಲ, ಎಂಟೆಕ್ ಮಾಡಿ ಪ್ರಾಜೆಕ್ಟ್ ನಡೆಸುವವನು. ಆದರೆ ಯಾವುದೇ ಸಿಸ್ಟಮ್ಮಿನಲ್ಲಿ ಒಂದು ದೋಷ ಕಂಡರೆ ಅದು ಯಾವ ವರ್ಷ, ಯಾರ ಕಾಲದಲ್ಲಿ ಒಳಗೆ ಬಂತು ಎಂದು ಹಿಂದಕ್ಕೆ ಹೋಗಿ ಹುಡುಕುವುದು ನಮ್ಮ ಕಸುಬಿನ ಅಭ್ಯಾಸ.

ಮೊದಲಿಗೆ ನಮ್ಮ ಮಾತನ್ನೇ ನೋಡಿ. ಕನ್ನಡದಲ್ಲಿ ನಾಟಕಕ್ಕೆ ಹಳ್ಳಿಯ ಜನ ಇಟ್ಟ ಹೆಸರೇ 'ಆಟ'. ಬಯಲಾಟ, ದೊಡ್ಡಾಟ, ಸಣ್ಣಾಟ, ಗೊಂಬೆಯಾಟ. ಕರಾವಳಿಯವರು ಇಂದಿಗೂ ಯಕ್ಷಗಾನಕ್ಕೆ ಹೋಗುವಾಗ 'ಆಟಕ್ಕೆ ಹೋಗುತ್ತೇವೆ' ಅನ್ನುತ್ತಾರೆ. ಬೆಳಗಿನವರೆಗೆ ಕಣ್ಣು ಮುಚ್ಚದೆ ನೋಡಿದ್ದು ಆಟ. ಅದಕ್ಕೆ ಕಲೆ ಎಂಬ ಸರ್ಟಿಫಿಕೇಟ್ ಬೇಕು ಎಂದು ಯಾರಿಗೂ ಅನ್ನಿಸಿರಲಿಲ್ಲ. ಮುಂದೆ ಶಿವರಾಮ ಕಾರಂತರು 'ಯಕ್ಷಗಾನ ಬಯಲಾಟ' ಎಂಬ ಪುಸ್ತಕ ಬರೆದರು, ಅದಕ್ಕೆ 1959ರಲ್ಲಿ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಆ ಹೊತ್ತಿಗೆ ಆಟದ ಪರವಾಗಿ ವಾದಿಸಬೇಕಾದ ಕಾಲ ಬಂದಿತ್ತು ಅನ್ನಿ.

ಇನ್ನೂ ಹಿಂದಕ್ಕೆ ಹೋದರೆ ವಾತ್ಸ್ಯಾಯನನ ಅರವತ್ತನಾಲ್ಕು ಕಲೆಗಳ ಪಟ್ಟಿ ಸಿಗುತ್ತದೆ. ಹಾಡು, ಕುಣಿತ, ಚಿತ್ರ ಎಲ್ಲ ಇರುವ ಆ ಪಟ್ಟಿಯ ಕೊನೆಯ ಭಾಗದಲ್ಲಿ ಪಗಡೆ, ಜೂಜುಗಳ ಪಕ್ಕದಲ್ಲೇ 'ಬಾಲಕ್ರೀಡನಕ' ಎಂಬುದೂ ಒಂದು ಕಲೆಯಾಗಿ ಕೂತಿದೆ. ಮಕ್ಕಳ ಆಟದ ಸಾಮಾನು ಎಂದರ್ಥ. ನಮ್ಮವನೇ ಆದ ಚಾಲುಕ್ಯ ದೊರೆ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ನೂರು ಅಧ್ಯಾಯಗಳಿವೆ, ಇಪ್ಪತ್ತಿಪ್ಪತ್ತರ ಐದು ಕಂತು. (ಅವನ ಕಲ್ಯಾಣ ಬೀದರ ಜಿಲ್ಲೆಯದು, ಡೊಂಬಿವಲಿ ದಾಟಿದ ಮೇಲೆ ಬರುವ ನಮ್ಮ ಲೋಕಲ್ ಟ್ರೇನಿನ ಕಲ್ಯಾಣವಲ್ಲ.) ಸಂಗೀತ, ವಾದ್ಯ, ನೃತ್ಯಗಳನ್ನು ಅವನು ಇಟ್ಟಿದ್ದು ವಿನೋದಗಳ ಕಂತಿನಲ್ಲಿ, ಕುಸ್ತಿ ಮತ್ತು ಕೋಳಿಜಗಳದ ಜೊತೆಗೆ. ಅದರ ಮುಂದಿನ ಕಂತೇ ಕ್ರೀಡೆಗಳದು. ಹಾಡು ದೊಡ್ಡದು, ಆಟ ಸಣ್ಣದು ಎಂಬ ಭೇದ ಅವನ ಕಪಾಟಿನಲ್ಲಿಲ್ಲ.

ಆದರೆ ನನ್ನನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದವರು ಮುಮ್ಮಡಿ ಕೃಷ್ಣರಾಜ ಒಡೆಯರ್. 1799ರಲ್ಲಿ ಐದು ವರ್ಷದ ಮಗುವನ್ನು ಮೈಸೂರಿನ ಗದ್ದುಗೆಗೆ ಕೂರಿಸಿದ ಬ್ರಿಟಿಷರೇ 1831ರಲ್ಲಿ ಆಡಳಿತವನ್ನು ಅವರ ಕೈಯಿಂದ ಕಿತ್ತುಕೊಂಡರು. ದುಂದುಗಾರ, ಆಳಲಾರದವ ಎಂಬ ಆರೋಪ ಹೊರಿಸಿದರು. ಆಮೇಲೆ 1868ರವರೆಗೆ, ಅಂದರೆ ಸಾಯುವವರೆಗೂ, ಅವರು ರಾಜ್ಯವಿಲ್ಲದ ರಾಜ. ಆ ಅವಧಿಯಲ್ಲಿ ಅವರು ತಲೆ ಓಡಿಸಿದ ಸಂಗತಿಗಳಲ್ಲಿ ಆಟ ಮುಖ್ಯವಾದದ್ದು. ಚದುರಂಗದ ಕುದುರೆ ಅರವತ್ತನಾಲ್ಕು ಮನೆಗಳನ್ನೂ ಒಂದೊಂದೇ ಸಲ ಮುಟ್ಟಿ ಬರುವ ನಡೆಗಳನ್ನು ಹೆಣೆದರು. ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಆಟದ ಮನೆಗಳನ್ನೇ ಚಿತ್ರ ಮಾಡಿಸಿದರು. ಅವರ ಹೆಸರಿನಲ್ಲಿರುವ 'ಶ್ರೀತತ್ತ್ವನಿಧಿ' ಒಂಬತ್ತು ನಿಧಿಗಳ ದೊಡ್ಡ ಚಿತ್ರಕೋಶ. ಶಕ್ತಿ, ವಿಷ್ಣು, ಶಿವ ಎಂದು ದೇವತೆಗಳ ರೂಪಗಳೆಲ್ಲ ಒಂದೊಂದು ನಿಧಿಯಲ್ಲಿ ಸಾಗಿ, ಕೊನೆಗೆ 'ಕೌತುಕನಿಧಿ' ಬರುತ್ತದೆ. ಅಲ್ಲಿ ಇಸ್ಪೀಟಿನ ಥರದ ಗಂಜೀಫ ಆಟಗಳಿವೆ. ಮೈಸೂರಿನಲ್ಲಿ ಅದಕ್ಕೆ 'ಛದ' ಎಂದು ಹೆಸರು. ಛದ ಎಂದರೆ ಎಲೆ.

ಸಾಮಾನ್ಯ ದಶಾವತಾರ ಗಂಜೀಫದಲ್ಲಿ ಹತ್ತು ಅವತಾರಗಳಿಗೆ ಹತ್ತು ಬಣ, ಬಣಕ್ಕೆ ಹನ್ನೆರಡು ಎಲೆ, ಒಟ್ಟು 120. ಒಡೆಯರ ಛದಗಳಲ್ಲಿ ಅತಿ ದೊಡ್ಡದಕ್ಕೆ ಎಲೆಗಳ ಸಂಖ್ಯೆ 360ಕ್ಕೆ ಏರುತ್ತದೆ, ಬಣಗಳು 18ರವರೆಗೆ ಹೋಗುತ್ತವೆ, ಒಂದೊಂದು ಬಣಕ್ಕೂ ರಾಜ ಮಂತ್ರಿಗಳಲ್ಲದೆ ಇನ್ನೂ ನಾಲ್ಕು ಆಸ್ಥಾನದ ಚಿತ್ರಗಳು. ನಮ್ಮ ಆಫೀಸಿನ ಭಾಷೆಯಲ್ಲಿ ಇದು ಶುದ್ಧ ಸ್ಕೋಪ್ ಕ್ರೀಪ್. ಮಹಾರಾಜರಿಗೆ ಬೇಡ ಎನ್ನುವ ಕ್ಲೈಂಟ್ ಯಾರೂ ಇರಲಿಲ್ಲ! ಅರಮನೆಯ ಹೊರಗೆ ಈ ಛದಗಳು ಹೆಚ್ಚು ಹಬ್ಬಲಿಲ್ಲ, ಅದಕ್ಕೆ ಕಾರಣ ಊಹಿಸುವುದು ಕಷ್ಟವಲ್ಲ. ನನ್ನ ಮಟ್ಟಿಗೆ 120 ಎಲೆಯ ಆಟವೇ ಮೇಲಿನ ಕಲೆ. ಮುನ್ನೂರ ಅರವತ್ತು ಎಲೆ ಸೇರಿಸುವುದಕ್ಕೆ ಬೇಕಾದ ಬುದ್ಧಿ ದೊಡ್ಡದೇ, ಆದರೆ ಆಡುವವನಿಗೆ ಭಾರ ಗೊತ್ತಾಗದಂತೆ ಕಡಿಮೆ ಮಾಡಲು ಬೇಕಾದದ್ದು ಅದಕ್ಕಿಂತ ದೊಡ್ಡದು.

ಈ ಮೈಸೂರು ಎಲೆಗಳ ಬಗ್ಗೆ ಮೊದಲು ಪುಸ್ತಕವನ್ನೇ ಬರೆದು ಜಗತ್ತಿಗೆ ಹೇಳಿದವನು ಒಬ್ಬ ಮುಂಬಯಿಕರ. ಬರ್ಲಿನ್ನಿನಲ್ಲಿ ಹುಟ್ಟಿ, ಭೂವಿಜ್ಞಾನ ಓದಿ, 1933ರಲ್ಲಿ ಮುಂಬಯಿಗೆ ಬಂದ ರೂಡಿ ಫಾನ್ ಲೇಡನ್. ಟೈಮ್ಸ್ ಆಫ್ ಇಂಡಿಯಾದಲ್ಲಿ ಕಲಾವಿಮರ್ಶಕನಾಗಿದ್ದು ಹುಸೇನ್, ರಝಾ, ಸೂಜಾ ಅವರ ಪ್ರೋಗ್ರೆಸಿವ್ ಗುಂಪಿನ ಬೆನ್ನಿಗೆ ನಿಂತವನು. ಅಂಥ ಆಧುನಿಕ ಕಲೆಯ ವಕೀಲ ಗಂಜೀಫದ ಬೆನ್ನು ಹತ್ತಿದ. 1973ರಲ್ಲಿ ಮೈಸೂರಿನ ಛದಗಳ ಮೇಲೆ ಪುಸ್ತಕ ತಂದ. 1982ರಲ್ಲಿ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂ ಪ್ರಕಟಿಸಿದ ಭಾರತದ ಗಂಜೀಫಗಳ ಕ್ಯಾಟಲಾಗಿನ ಹಿಂದೆಯೂ ಅವನೇ ಇದ್ದ. ಹುಸೇನರ ಕ್ಯಾನ್ವಾಸಿಗೂ ಆಡುವ ಎಲೆಗೂ ಅವನು ಬೇರೆ ಬೇರೆ ಕನ್ನಡಕ ಹಾಕಿಕೊಳ್ಳಲಿಲ್ಲ.

ಹಾಗಿದ್ದರೆ ಭೇದ ಎಲ್ಲಿ ಹುಟ್ಟಿತು? ಎಲ್ಲ ತಪ್ಪನ್ನೂ ಆಂಗ್ಲರ ತಲೆಗೆ ಕಟ್ಟುವುದು ಸುಲಭ. ಮುಂಬಯಿಯ ಜೆ.ಜೆ. ಕಲಾಶಾಲೆ 1857ರಲ್ಲಿ ಶುರುವಾದದ್ದು ನಮ್ಮ ಕುಶಲಕರ್ಮಿಗಳ ಕೈ ಸುಧಾರಿಸಲಿಕ್ಕೆ. ಆದರೆ ಕಲೆಗೆ ಒಂದು ಶಾಲೆ, ಪ್ರವೇಶ, ಪರೀಕ್ಷೆ ಎಂದು ಬಂದ ಮೇಲೆ ಒಳಗೆ ಯಾರು, ಹೊರಗೆ ಯಾರು ಎಂಬ ಗೆರೆಯೂ ಬಂತು. ಅದೇ ಶಾಲೆಯಲ್ಲಿ ಕಲಿತ ದಾದಾಸಾಹೇಬ್ ಫಾಲ್ಕೆ 1915ರಲ್ಲಿ ಬೆಂಕಿಕಡ್ಡಿಗಳನ್ನು ಒಂದೊಂದೇ ಫ್ರೇಮಿಗೆ ಸರಿಸಿ 'ಆಗಕಾಡ್ಯಾಂಚೀ ಮೌಜ್' ಮಾಡಿದರು. ಬೆಂಕಿಕಡ್ಡಿಗಳ ಮೋಜು, ಅದೇ ಪದ ನಮ್ಮಲ್ಲೂ ಇದೆ. ಅವರ 'ರಾಜಾ ಹರಿಶ್ಚಂದ್ರ'ದ ಕೆಲವು ಭಾಗಗಳಾದರೂ ಉಳಿದಿವೆ, ಈ ಮೋಜು ಉಳಿಯಲಿಲ್ಲ. ಮೈಸೂರಿನಿಂದ ಅದೇ ಶಾಲೆಗೆ ಅರ್ಜಿ ಹಾಕಿದ ಇನ್ನೊಬ್ಬ ಹುಡುಗನ ಚಿತ್ರಗಳನ್ನು ನೋಡಿ, ಇಲ್ಲಿಗೆ ಸೇರುವಷ್ಟು ಪ್ರತಿಭೆ ಇದರಲ್ಲಿಲ್ಲ ಎಂದು ತಿರುಗಿಸಿ ಕಳಿಸಿದರು. ಆ ಹುಡುಗ ಆರ್.ಕೆ. ಲಕ್ಷ್ಮಣ್. ಅವರು ಮುಂಬಯಿಗೆ ಬಂದರು, ಆದರೆ ಪತ್ರಿಕೆಯ ಬಾಗಿಲಿನಿಂದ. 1954ರಲ್ಲಿ ಬಣ್ಣದ ಡಬ್ಬಿಯ ಮೇಲೆ ಕುಂಚ ಹಿಡಿದು ನಿಂತ ತುಂಟ ಗಟ್ಟು ಅವರದೇ. ನನ್ನ ಪೀಳಿಗೆ ಚಿತ್ರ ಅಂತ ಗುರುತಿಸಲು ಕಲಿತದ್ದು ಗ್ಯಾಲರಿಯಲ್ಲಲ್ಲ, ಆ ಡಬ್ಬಿಯ ಮೇಲೆ.

ಸ್ವಾತಂತ್ರ್ಯದ ನಂತರ ಕಾರ್ಟೂನಿಗೆ ಮನೆ ಕೊಟ್ಟದ್ದು ಸರ್ಕಾರ. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಜನ್, ಪೆಡ್ಡರ್ ರೋಡಿನದು, 1956ರಲ್ಲಿ ಕಾರ್ಟೂನ್ ವಿಭಾಗ ತೆರೆಯಿತು. ಡಿಸ್ನಿ ಸ್ಟುಡಿಯೋದಲ್ಲಿ ದುಡಿದಿದ್ದ ಕ್ಲೇರ್ ವೀಕ್ಸ್ ಬಂದು ನಮ್ಮ ಹುಡುಗರಿಗೆ ಕಲಿಸಿದರು. ಮರುವರ್ಷ ಬಂದ 'ದಿ ಬನಿಯನ್ ಡೀರ್' ಜಾತಕ ಕಥೆಯ ಜಿಂಕೆರಾಜನದು, ಗಬ್ಬದ ಹೆಣ್ಣುಜಿಂಕೆಗಾಗಿ ತನ್ನ ಪ್ರಾಣ ಕೊಡಲು ಮುಂದಾದವನದು. ಡಿಸ್ನಿಯ ಜಿಂಕೆ ಬ್ಯಾಂಬಿ ಮಂಜಿನ ಮೇಲೆ ಜಾರಿ ಬೀಳಬಹುದಿತ್ತು. ನಮ್ಮದು ನೀತಿ ಹೇಳಲೇಬೇಕಿತ್ತು. ಚಿತ್ರಮಂದಿರದಲ್ಲಿ ಸಿನಿಮಾಕ್ಕೆ ಮುಂಚೆ ಫಿಲ್ಮ್ಸ್ ಡಿವಿಜನ್ನಿನ ಚಿತ್ರ ಕಡ್ಡಾಯವಾಗಿದ್ದ ಕಾಲ ಅದು. ಸರ್ಕಾರದ ದುಡ್ಡಿನಲ್ಲಿ ಬರೆದ ಕಾರ್ಟೂನು ಸುಮ್ಮನೆ ನಗಿಸಿದರೆ ಲೆಕ್ಕ ಯಾರು ಒಪ್ಪಬೇಕು?

ಆದರೂ ಕಲಾವಿದರು ಸಂದಿ ಹುಡುಕಿಕೊಂಡರು. 1974ರ 'ಏಕ್ ಅನೇಕ್ ಔರ್ ಏಕತಾ' ನೆನಪಿದೆಯಲ್ಲ? ವಿಜಯಾ ಮುಳೆ ನಿರ್ದೇಶನ, ಭೀಮ್‌ಸೈನ್ ಅನಿಮೇಷನ್, ವಸಂತ ದೇಸಾಯಿ ಸಂಗೀತ. ದೂರದರ್ಶನದಲ್ಲಿ ನಾವೆಲ್ಲ ನೂರು ಸಲ ನೋಡಿದ್ದೇವೆ. ಅದಕ್ಕೆ ಬಂದ ರಾಷ್ಟ್ರಪ್ರಶಸ್ತಿ ಶೈಕ್ಷಣಿಕ ಚಿತ್ರವೆಂದು. ಒಗ್ಗಟ್ಟಿನ ಪಾಠ ಅದಕ್ಕೆ ಒಳಗೆ ಬರಲು ಸಿಕ್ಕ ಗೇಟ್‌ಪಾಸ್. ನನ್ನ ವಯಸ್ಸಿನ ಯಾರನ್ನಾದರೂ ಕೇಳಿ, ನೆನಪಿರುವುದು ಬಲೆ ಹೊತ್ತು ಹಾರಿದ ಹಕ್ಕಿಗಳು, ಬಲೆ ಕಡಿದ ಇಲಿಗಳು, ಆ ರಾಗ. ಒಮ್ಮೆ ಕೂತು ಲೆಕ್ಕ ಹಾಕಿದೆ: ಸೆಕೆಂಡಿಗೆ 24 ಫ್ರೇಮಿನಂತೆ ಏಳು ನಿಮಿಷಕ್ಕೆ 10,080 ಫ್ರೇಮು. ಒಂದು ಚಿತ್ರವನ್ನು ಎರಡು ಫ್ರೇಮಿಗೆ ಬಳಸಿದರೂ ಐದು ಸಾವಿರ ಚಿತ್ರ. ಕಂಪ್ಯೂಟರಿಲ್ಲ, ಅನ್‌ಡೂ ಇಲ್ಲ. ನನ್ನ ಟೀಮಿಗೆ ಈ ಕೆಲಸ ಕೊಟ್ಟರೆ ನಾನು ಯಾವ ಗಡುವು ಹೇಳುತ್ತಿದ್ದೆನೋ!

ಹಗುರ ಎಂಬುದರ ಮೇಲಿನ ಅನುಮಾನ ಅಷ್ಟಕ್ಕೇ ನಿಲ್ಲಲಿಲ್ಲ. ಜಪಾನಿನ ಯುಗೋ ಸಾಕೋ ನಮ್ಮ ರಾಮ್ ಮೋಹನ್ ಜೊತೆಗೂಡಿ 1992ರಲ್ಲಿ ರಾಮಾಯಣದ ಅನಿಮೇಷನ್ ಚಿತ್ರ ಮುಗಿಸಿದರು. ರಾಮ್ ಮೋಹನ್ ಅದೇ ಕಾರ್ಟೂನ್ ವಿಭಾಗದಲ್ಲಿ ಬೆಳೆದವರು. ರಾಮಾಯಣವನ್ನು ಕಾರ್ಟೂನ್ ಮಾಡುವುದೇ ಎಂದು ಆಗ ಆಕ್ಷೇಪ ಎದ್ದಿತ್ತು. ದಶಾವತಾರದ ಎಲೆಗಳನ್ನು ಚಾಪೆಯ ಮೇಲೆ ಬಡಿಬಡಿದು ಆಡಿದ ನಾಡಿನಲ್ಲಿ!

ಈ ಅನುಮಾನ ನಮಗೆ ಮಾತ್ರ ಇದ್ದದ್ದಲ್ಲ. ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್ 2010ರಲ್ಲಿ ವಿಡಿಯೋ ಗೇಮ್ ಎಂದಿಗೂ ಕಲೆಯಾಗಲಾರದು ಎಂದು ಬರೆದರು. ಎರಡೇ ವರ್ಷಕ್ಕೆ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್ ಪ್ಯಾಕ್-ಮ್ಯಾನ್, ಟೆಟ್ರಿಸ್ ಸೇರಿ 14 ಗೇಮುಗಳನ್ನು ತನ್ನ ಸಂಗ್ರಹಕ್ಕೆ ತೆಗೆದುಕೊಂಡಿತು. ನನಗೆ ಮ್ಯೂಸಿಯಂ ತೀರ್ಪಿಗಿಂತ ಟೆಟ್ರಿಸ್ಸಿನ ಏಳು ತುಣುಕುಗಳೇ ಹೆಚ್ಚು ಮನವರಿಕೆ ಮಾಡುತ್ತವೆ.

ಇನ್ನು ಸಂಬಳದ ಮಾತು. ಮಗಳಿಗೆ ನಾನು ಹೇಳಿದ್ದು ಇಷ್ಟೇ: ನಮ್ಮ ಅನಿಮೇಷನ್ ಸ್ಟುಡಿಯೋಗಳಲ್ಲಿ ಬಹಳ ಕೆಲಸ ಹೊರದೇಶದ್ದು. ಕಥೆ, ಪಾತ್ರ ಅಲ್ಲಿಂದ ಬರುತ್ತದೆ, ಫ್ರೇಮು ತುಂಬುವುದು ಇಲ್ಲಿ. ನನಗದು ಹೊಸದಲ್ಲ, ಇಪ್ಪತ್ತು ವರ್ಷ ನಾನೂ ಬೇರೆಯವರ ಸಾಫ್ಟ್‌ವೇರಿನ ಫ್ರೇಮುಗಳನ್ನೇ ತುಂಬಿದ್ದೇನೆ. ಕಲೆಯೋ ಅಲ್ಲವೋ ಎಂಬುದಕ್ಕಿಂತ ಯಾರದು ಎಂಬ ಪ್ರಶ್ನೆ ಅವಳಿಗೆ ಮುಂದೆ ಹೆಚ್ಚು ಕಾಡಲಿದೆ. ಅವಳು ಕೇಳಿಸಿಕೊಂಡಳು, ಅರ್ಜಿ ತುಂಬಿದಳು. ಸಹಿ ನಾನು ಹಾಕಿದೆ.

ಪನವೇಲಿನಿಂದ ಹೊರಡುವ ಗೋವಾ ಹೆದ್ದಾರಿಯಲ್ಲಿ ಕೊಂಕಣ ಮುಗಿಯುವ ಹೊತ್ತಿಗೆ ಸಾವಂತವಾಡಿ ಬರುತ್ತದೆ. ನಮ್ಮ ಬೆಳಗಾವಿಯಿಂದಾದರೆ ಆಂಬೋಲಿ ಘಾಟ್ ಇಳಿದರೆ ಆಯಿತು. ಜಗನ್ಮೋಹನ ಅರಮನೆಯಲ್ಲಿ ಎಲ್ಲರೂ ಸರತಿಯಲ್ಲಿ ನಿಂತು ನೋಡುವ ದೀಪ ಹಿಡಿದ ಹೆಣ್ಣನ್ನು ಬರೆದ ಹಳದಣಕರ್ ಈ ಊರಿನವರೇ. ನಿಂತೇ ಹೋಗುತ್ತಿದ್ದ ಗಂಜೀಫ ಕಸುಬನ್ನು 1970ರ ದಶಕದಲ್ಲಿ ಇಲ್ಲಿನ ರಾಜಮನೆತನದ ಶಿವರಾಮರಾಜೆ ಭೋಸಲೆ ಮತ್ತು ಸತ್ವಶೀಲಾದೇವಿ ಮತ್ತೆ ಎಬ್ಬಿಸಿದರು. ಈಗಲೂ ಅರಮನೆಯಲ್ಲಿ ಕೂತು ಎಲೆಗೆ ಬಣ್ಣ ಹಾಕುವವರಿದ್ದಾರೆ. ನಾವು ಹೋದಾಗ ಮುಂದೆ ನಿಂತಿದ್ದ ದಂಪತಿ ಹತ್ತು ರಾಜರ ಎಲೆಗಳನ್ನು ಫ್ರೇಮಿಗೆ ಹಾಕಿಸಲು ಅಳತೆ ಕೇಳುತ್ತಿದ್ದರು. ಆಡುವವರು ಕಡಿಮೆಯಾದ ಮೇಲೆ ಎಲೆ ಗೋಡೆ ಏರಿತು, ಕಲೆಯಾಯಿತು. ಮಗಳು ಪೂರಾ 120ರ ಪೆಟ್ಟಿಗೆಯೇ ಬೇಕೆಂದಳು, ಆಡುವುದಕ್ಕೆ.

ಮೂವರು ಆಡುವ ಆಟ ಅದು, ತಲಾ ನಲವತ್ತು ಎಲೆ. ಐದು ಬಣಗಳಲ್ಲಿ ಹತ್ತು ದೊಡ್ಡದು, ಇನ್ನೈದರಲ್ಲಿ ಒಂದೇ ದೊಡ್ಡದು. ಹಗಲಲ್ಲಿ ರಾಮನ ರಾಜ ಇದ್ದವರು ಮೊದಲು ಇಳಿಯಬೇಕು, ರಾತ್ರಿಯಾದರೆ ಕೃಷ್ಣನ ರಾಜ ಇದ್ದವರು. ಮೊದಲ ದಿನ ಕಾಮೋಠೆಯ ನಮ್ಮ ಹಾಲಿನಲ್ಲಿ ಎಲೆ ಹಂಚಿದಾಗ ಸಂಜೆ ಏಳಾಗಿತ್ತು. ರಾಮ ನನ್ನ ಹೆಂಡತಿಯ ಕೈಯಲ್ಲಿದ್ದ, ಕೃಷ್ಣ ಮಗಳ ಕೈಯಲ್ಲಿ. ಹೊರಗೆ ಹಗಲೋ ರಾತ್ರಿಯೋ ಎಂಬ ಜಗಳ ತೀರಲು ಇಬ್ಬರೂ ಎಲೆ ಹಿಡಿದುಕೊಂಡೇ ಬಾಲ್ಕನಿಗೆ ಹೋದರು.