ಪುಲಾ: ಬೋಟ್ಸ್ವಾನಾ ತನ್ನ ನಾಣ್ಯ ಕಟ್ಟಿಕೊಂಡ ಬಗೆ

ಬೋಟ್ಸ್ವಾನಾದ ಜನರಿಗೆ ಬಹುಕಾಲ ಆಸ್ತಿಯೆಂದರೆ ದನಕರುಗಳೇ. ದೊಡ್ಡ ಮಂದೆಯುಳ್ಳವರು ಕೆಲವು ರಾಸುಗಳನ್ನು ದನವಿಲ್ಲದ ಮನೆಗಳಿಗೆ ಸಾಕಲು ಕೊಡುತ್ತಿದ್ದರು. ಈ ಪದ್ಧತಿಗೆ ಮಫೀಸಾ ಎಂದು ಹೆಸರು. ಸಾಕಿದವರಿಗೆ ಕುಡಿಯಲು ಹಾಲು, ಉಳಲು ಎತ್ತು, ಒಮ್ಮೊಮ್ಮೆ ಒಂದು ಕರುವೂ ದಕ್ಕುತ್ತಿತ್ತು. ಒಡೆತನ ಮಾತ್ರ ಕೊಟ್ಟವರದೇ. ಒಂದು ಕಡೆ ಬರವೋ ರೋಗವೋ ಬಂದರೂ ಮಂದೆಯೆಲ್ಲ ಒಟ್ಟಿಗೆ ಹಾಳಾಗುತ್ತಿರಲಿಲ್ಲ. ಬ್ಯಾಂಕಿಲ್ಲದ ನಾಡಿನಲ್ಲಿ ಠೇವಣಿಯೂ ಸಾಲವೂ ಇದೇ ಆಗಿತ್ತು.

1885ರಲ್ಲಿ ಬೆಚುವಾನಾಲ್ಯಾಂಡ್ ಎಂಬ ಹೆಸರಿನಲ್ಲಿ ಈ ಪ್ರದೇಶ ಬ್ರಿಟಿಷರ ರಕ್ಷಣೆಗೆ ಒಳಪಟ್ಟಿತು. 1899ರಲ್ಲಿ ಬಂದ ಗುಡಿಸಲು ತೆರಿಗೆ ನಗದಿನ ಅಗತ್ಯವನ್ನು ಮನೆಮನೆಗೂ ತಂದಿತು. ತೆರಿಗೆಯ ಹಣಕ್ಕಾಗಿ ಗಂಡಸರು ದಕ್ಷಿಣ ಆಫ್ರಿಕಾದ ಗಣಿಗಳಿಗೆ ದುಡಿಯಲು ಹೋದರು. ಅವರು ತಂದದ್ದು ಆ ದೇಶದ ಹಣವನ್ನೇ. ಆಡಳಿತದ ರಾಜಧಾನಿ ಮಾಫೆಕಿಂಗ್ ಕೂಡ ಗಡಿಯಾಚೆಗಿತ್ತು. ಬಾರ್ಕ್ಲೇಸ್ ಮತ್ತು ಸ್ಟ್ಯಾಂಡರ್ಡ್ ಬ್ಯಾಂಕುಗಳು 1950ರ ಸುಮಾರಿಗೆ ಶಾಖೆಗಳನ್ನು ತೆರೆದ ಮೇಲೂ ಬಹುಪಾಲು ಹಳ್ಳಿಗರಿಗೆ ಬ್ಯಾಂಕು ದೂರದ ಮಾತೇ. 1961ರಲ್ಲಿ ದಕ್ಷಿಣ ಆಫ್ರಿಕಾ ಪೌಂಡನ್ನು ಬಿಟ್ಟು ರ‍್ಯಾಂಡ್ ತಂದಾಗ ಇಲ್ಲಿಯೂ ಅದೇ ಚಲಾವಣೆಗೆ ಬಂತು.

1966ರ ಸೆಪ್ಟೆಂಬರ್ 30ರಂದು ದೇಶ ಸ್ವತಂತ್ರವಾಯಿತು, ಆದರೆ ನಾಣ್ಯ ನೆರೆಯವರದೇ ಉಳಿಯಿತು. ರ‍್ಯಾಂಡ್‌ನ ಬೆಲೆಯನ್ನು ನಿರ್ಧರಿಸುತ್ತಿದ್ದುದು ವರ್ಣಭೇದದ ಸರ್ಕಾರ. ಅದರಲ್ಲಿ ಹೊಸ ರಾಜಧಾನಿ ಗ್ಯಾಬರೋನ್‌ನ ಮಾತಿಗೆ ಜಾಗವಿರಲಿಲ್ಲ. 1974ರಲ್ಲಿ ಲೆಸೊಥೊ ಮತ್ತು ಸ್ವಾಜಿಲ್ಯಾಂಡ್‌ಗಳು ದಕ್ಷಿಣ ಆಫ್ರಿಕಾದೊಂದಿಗೆ ರ‍್ಯಾಂಡ್ ಒಪ್ಪಂದಕ್ಕೆ ಸಹಿ ಹಾಕಿದವು. ಬೋಟ್ಸ್ವಾನಾ ಹೊರಗುಳಿಯಿತು. 1975ರ ಜುಲೈನಲ್ಲಿ ಬ್ಯಾಂಕ್ ಆಫ್ ಬೋಟ್ಸ್ವಾನಾ ಸ್ಥಾಪನೆಯಾಯಿತು. ಅದೇ ಸೆಪ್ಟೆಂಬರ್‌ನಲ್ಲಿ ರ‍್ಯಾಂಡ್ ಶೇ. 17.9ರಷ್ಟು ಅಪಮೌಲ್ಯಗೊಂಡಿತು. ಯಾರನ್ನೂ ಕೇಳದೆ ಬೋಟ್ಸ್ವಾನಾದ ಪ್ರತಿಯೊಬ್ಬರ ಕೈಯಲ್ಲಿದ್ದ ಹಣದ ಬೆಲೆ ಕುಸಿಯಿತು. ಸ್ವಂತ ನಾಣ್ಯದ ಪರವಾಗಿ ಇದಕ್ಕಿಂತ ಬಲವಾದ ವಾದ ಬೇಕಿರಲಿಲ್ಲ.

1976ರ ಆಗಸ್ಟ್ 23ರಂದು ಪುಲಾ ಚಲಾವಣೆಗೆ ಬಂತು. ಸೆಟ್ಸ್ವಾನಾದಲ್ಲಿ ಪುಲಾ ಎಂದರೆ ಮಳೆ; ಅದರ ನೂರನೇ ಒಂದು ಭಾಗವಾದ ಥೆಬೆ ಎಂದರೆ ಗುರಾಣಿ. ನೋಟುಗಳ ಮೇಲೆ ಮೊದಲ ಅಧ್ಯಕ್ಷ ಸೆರೆಟ್ಸೆ ಖಾಮಾ ಅವರ ಚಿತ್ರವಿತ್ತು. ಶುರುವಿನಲ್ಲಿ ಒಂದು ಪುಲಾ ಒಂದು ರ‍್ಯಾಂಡ್‌ಗೆ ಸಮ, ಅಂದರೆ 1.15 ಡಾಲರ್. ಸಾಮಾನ್ಯ ಜನಕ್ಕೆ ಲೆಕ್ಕ ತಪ್ಪದಿರಲು ಇದು ಜಾಣ ಕ್ರಮ. ಮರುವರ್ಷವೇ ಪುಲಾದ ಬೆಲೆಯನ್ನು ಶೇ. 5ರಷ್ಟು ಏರಿಸಲಾಯಿತು. ಹೆಚ್ಚಿನ ಸರಕು ಹೊರಗಿನಿಂದ ಬರುವ ದೇಶದಲ್ಲಿ ಅಂಗಡಿಯ ಬೆಲೆ ಹದ್ದುಬಸ್ತಿನಲ್ಲಿಡಲು ಮಾಡಿದ ಈ ಕೆಲಸ ರ‍್ಯಾಂಡ್ ಕಾಲದಲ್ಲಿ ಸಾಧ್ಯವೇ ಇರಲಿಲ್ಲ. ಅಲ್ಲಿಯವರೆಗೆ ಪುಲಾದ ದರ ಡಾಲರಿಗೆ ಕಟ್ಟಿತ್ತು; 1980ರಲ್ಲಿ ಅದನ್ನು ಬಿಟ್ಟು, ರ‍್ಯಾಂಡ್ ಮತ್ತು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಎಸ್‌ಡಿಆರ್ ಎಂಬ ಲೆಕ್ಕದ ಮಾನ ಎರಡನ್ನೂ ಸೇರಿಸಿ ಪುಲಾದ ದರ ಕಟ್ಟುವ ಪದ್ಧತಿ ಬಂತು. ಆ ವರ್ಷ ಕೇಂದ್ರ ಬ್ಯಾಂಕಿನ ಗವರ್ನರ್ ಆದ ಫೆಸ್ಟಸ್ ಮೊಗೇ ಮುಂದೆ ದೇಶದ ಅಧ್ಯಕ್ಷರಾದರು.

ಪುಲಾಗೆ ಬಲ ಕೊಟ್ಟದ್ದು ವಜ್ರ. 1971ರಲ್ಲಿ ಒರಾಪಾ, 1982ರಲ್ಲಿ ಜ್ವಾನೆಂಗ್ ಗಣಿಗಳು ಉತ್ಪಾದನೆ ಆರಂಭಿಸಿದವು. ಬಂದ ಡಾಲರನ್ನೆಲ್ಲ ಖರ್ಚು ಮಾಡದೆ ಮೀಸಲಾಗಿ ಕೂಡಿಟ್ಟದ್ದು ಸರ್ಕಾರದ ದೊಡ್ಡ ಗುಣ. ಆ ಬಲದ ಮೇಲೆಯೇ 1999ರಲ್ಲಿ ವಿದೇಶಿ ವಿನಿಮಯದ ನಿರ್ಬಂಧಗಳನ್ನು ಪೂರ್ತಿ ತೆಗೆದುಹಾಕಲಾಯಿತು. 2005ರಲ್ಲಿ ಶೇ. 12ರ ಅಪಮೌಲ್ಯದ ಜೊತೆಗೆ, ದರವನ್ನು ಒಮ್ಮೆಲೇ ಬದಲಿಸುವ ಬದಲು ಸ್ವಲ್ಪಸ್ವಲ್ಪವಾಗಿ ಸರಿಸುವ ಕ್ರಮ ಜಾರಿಗೆ ಬಂತು. ಇದಕ್ಕೆ ವ್ಯತಿರಿಕ್ತವಾಗಿ ಲೆಸೊಥೊ, ಎಸ್ವಾಟಿನಿ (ಹಿಂದಿನ ಸ್ವಾಜಿಲ್ಯಾಂಡ್) ಮತ್ತು ನಮೀಬಿಯಾಗಳ ನಾಣ್ಯಗಳು ಈಗಲೂ ರ‍್ಯಾಂಡ್‌ಗೆ ಒಂದಕ್ಕೊಂದರಂತೆ ಕಟ್ಟಿಕೊಂಡಿವೆ.