ಹಸಿದ ಮಣ್ಣಿನ ಗಿಡವೂ ಡಾರ್ವಿನ್ನರ ಮನೆಯೂ



ಮಾಗಡಿಯ ಸಾವನದುರ್ಗವೆಂದೊಡನೆ ನಮ್ಮ ಮನಸ್ಸು ಕೋಟೆಯ ಕಡೆಗೆ ತಿರುಗುವುದು ಸಹಜ. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೇನೆಯು ಆ ದುರ್ಗವನ್ನು ಟಿಪ್ಪುವಿನ ಕಾವಲುಪಡೆಯಿಂದ ಕಸಿದುಕೊಂಡ ಕಥೆಯನ್ನು ಚರಿತ್ರಕಾರರು ಸಾಕಷ್ಟು ಹೇಳಿದ್ದಾರೆ. ಇಂದು ಅದನ್ನು ಬದಿಗಿಡೋಣ. ಅಂತಹ ಹೆಬ್ಬಂಡೆಗಳ ಮೈಮೇಲೆ, ಮಳೆಗಾಲದ ನೀರು ಜಿನುಗುವ ತಾವುಗಳಲ್ಲಿ, ಬೆರಳಗಲದ ಮಣ್ಣನ್ನು ಹಿಡಿದು ಬದುಕತಕ್ಕ ಒಂದು ಅಲ್ಪಸಸ್ಯದ ಚರಿತ್ರೆಯೇ ನನ್ನ ವಿಷಯ.

ಸಸ್ಯಶಾಸ್ತ್ರಜ್ಞರು ಇದನ್ನು ಡ್ರಾಸೆರಾ ಎನ್ನುತ್ತಾರೆ. ನಮ್ಮ ನಾಡಿನ ಜಾತಿಗಳಲ್ಲಿ ಬರ್ಮಾನಿ ಎಂಬುದು ಕಾಸಿನಂತೆ ಚಕ್ರಾಕಾರವಾಗಿ ನೆಲಕ್ಕೆ ಅಂಟಿಕೊಂಡಿರುತ್ತದೆ. ಇಂಡಿಕಾ ಎಂಬುದು ದಾರದಂತಹ ಎಲೆಗಳನ್ನು ಚಾಚಿ ನಿಲ್ಲುತ್ತದೆ. ಎಲೆಯ ಮೇಲಣ ರೋಮಗಳ ತುದಿಯಲ್ಲಿ ಇಬ್ಬನಿಯಂತೆ ಹೊಳೆಯುವುದು ನೀರಲ್ಲ, ಅಂಟು. ನೊಣವೊಂದು ಸಿಕ್ಕಿತೆಂದರೆ ರೋಮಗಳು ಬಾಗಿ ಅದನ್ನು ಬಂಧಿಸುತ್ತವೆ. ಎಲೆಯು ರಸ ಸುರಿಸಿ ಅದನ್ನು ಜೀರ್ಣಿಸಿಕೊಳ್ಳುತ್ತದೆ. ಬಂಡೆಯ ಬಡ ಮಣ್ಣಿನಲ್ಲಿ ದೊರೆಯದ ಸಾರಜನಕವನ್ನು ಗಿಡವು ಹೀಗೆ ಸಂಪಾದಿಸುತ್ತದೆ.

ಗಿಡವೊಂದು ಪ್ರಾಣಿಯನ್ನು ತಿನ್ನುವುದೆಂದರೆ ಪಂಡಿತರೂ ಸುಲಭವಾಗಿ ನಂಬಿದವರಲ್ಲ. ನಂಬಿಸಿದ್ದು ಇಂಗ್ಲೆಂಡಿನ ಡೌನ್ ಎಂಬ ಹಳ್ಳಿಯ ಒಂದು ಸಂಸಾರ. ಚಾರ್ಲ್ಸ್ ಡಾರ್ವಿನ್ ಮಹಾಶಯರು 1860ರ ಬೇಸಗೆಯಲ್ಲಿ ಸಸೆಕ್ಸ್ ಪ್ರಾಂತದ ಬಯಲಿನಿಂದ ಈ ಕುಲದ ಹನ್ನೆರಡು ಗಿಡಗಳನ್ನು ಕಿತ್ತು ಎಣಿಸಿದರು. 56 ಎಲೆಗಳಲ್ಲಿ 31ರ ಮೇಲೆ ಕೀಟಗಳ ಶವಗಳೋ ಅವಶೇಷಗಳೋ ಇದ್ದವು. ಜೀವಜಾತಿಗಳ ಉಗಮವನ್ನು ಕುರಿತ ಮಹಾಗ್ರಂಥವು ಪ್ರಕಟವಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಆದರೂ ಆ ಸಮಸ್ತ ವಿಚಾರಕ್ಕಿಂತ ಈ ಗಿಡವೇ ತನಗೆ ಹೆಚ್ಚೆಂದು ಅವರು ಮಿತ್ರರಿಗೆ ಬರೆದರು. ಗಂಡನು ಕೊನೆಗೆ ಇದನ್ನು ಪ್ರಾಣಿಯೆಂದೇ ಸಾಧಿಸುವನೇನೋ ಎಂದು ಪತ್ನಿ ಎಮ್ಮಾ ಪರಿಹಾಸ್ಯ ಮಾಡಿದಳು.

1863ರಲ್ಲಿ ಮನೆಯ ತೋಟದಲ್ಲಿ ಬೆಚ್ಚನೆಯ ಗಾಜಿನ ಮನೆಯೊಂದು ಎದ್ದಿತು. ಕ್ಯೂ ಉದ್ಯಾನದಿಂದ ಗಿಡಗಳು ಬಂದವು. ಡಾರ್ವಿನ್ನರು ಡ್ರಾಸೆರಾದ ಎಲೆಗಳಿಗೆ ಹುರಿದ ಮಾಂಸ, ಹಾಲು, ಮೊಟ್ಟೆಯ ಬಿಳಿ, ಇವುಗಳನ್ನೆಲ್ಲ ಉಣಿಸಿ ನೋಡಿದರು. ಒಂದು ಗ್ರೇನಿನ 78,740ನೆಯ ಒಂದು ಪಾಲು ತೂಗುವ ಮನುಷ್ಯನ ಕೂದಲಿನ ಚೂರಿಗೂ ರೋಮವು ಬಾಗಿತು. ಲೇಡಿ ಡೊರೊಥಿ ನೆವಿಲ್ ಎಂಬಾಕೆ ತನ್ನ ತೋಟದಿಂದ ಯುಟ್ರಿಕ್ಯುಲೇರಿಯಾ ಎಂಬ ಮತ್ತೊಂದು ಕೀಟಾಹಾರಿ ಸಸ್ಯವನ್ನು ಕಳುಹಿಸಿದಳು. ಅಮೆರಿಕದ ಮೇರಿ ಟ್ರೀಟ್ ತಾನು ಕಂಡುದನ್ನು ಬರೆದು ತಿಳಿಸಿದಳು. 1875ರ ಗ್ರಂಥಕ್ಕೆ ಚಿತ್ರ ಬರೆದವರು ಮಕ್ಕಳಾದ ಜಾರ್ಜ್ ಮತ್ತು ಫ್ರಾನ್ಸಿಸ್. ಮುಖಪುಟದಲ್ಲಿ ಮಾತ್ರ ಒಂದೇ ಹೆಸರು.

ಈ ಪರೀಕ್ಷೆಗಳಲ್ಲಿ ನಮ್ಮ ದೇಶಕ್ಕೂ ಒಂದು ಪಾಲುಂಟು. ಕಲ್ಕತ್ತೆಯಲ್ಲಿ ಸರ್ಪವಿಷವನ್ನು ಶೋಧಿಸಿದ್ದ ಫೇರರ್ ಎಂಬ ವೈದ್ಯರು ಒಣಗಿಸಿದ ನಾಗರ ವಿಷವನ್ನು ಡಾರ್ವಿನ್ನರಿಗೆ ಕೊಟ್ಟರು. ಪ್ರಾಣಿಗಳನ್ನು ಕೊಲ್ಲುವ ಆ ವಿಷವು ಎಲೆಯ ಜೀವದ್ರವವನ್ನು ಕೊಲ್ಲದೆ ಕೆರಳಿಸಿತು! ಫೇರರರ ಹೆಸರು ಗ್ರಂಥದಲ್ಲಿದೆ. ಹಾವಿನ ಹೆಡೆ ಹಿಡಿದು ವಿಷ ತೆಗೆದುಕೊಟ್ಟ ಹಾವಾಡಿಗರ ಹೆಸರಿಲ್ಲ. ಅವರ ಶೋಧನೆಗಳಲ್ಲಿ ಸತ್ತ ನಾಯಿಕೋಳಿಗಳ ಮಾತಂತೂ ಯಾರಿಗೆ ಬೇಕು? ಡೌನ್ ಮನೆಯ ಪಾಲಿ ಎಂಬ ನಾಯಿಯ ಹೆಸರನ್ನು ಮಾತ್ರ ಲೋಕ ಇಂದಿಗೂ ನೆನೆಯುತ್ತದೆ. ನನಗೆ ಈ ತಾರತಮ್ಯವು ಅಷ್ಟಾಗಿ ಒಗ್ಗದು.

ಇಷ್ಟಾದರೂ ಒಂದು ಆಕ್ಷೇಪ ಉಳಿದಿತ್ತು. ಗಿಡವು ನೊಣವನ್ನು ಕರಗಿಸಬಹುದು, ಅದರಿಂದ ಗಿಡಕ್ಕೆ ಬಂದ ಲಾಭವೇನು? ಫ್ರಾನ್ಸಿಸನು ತಟ್ಟೆಗಳಲ್ಲಿ ಗಿಡ ಬೆಳೆಸಿ, ನೊಣ ಬಾರದಂತೆ ಜಾಲರಿ ಹೊದಿಸಿ, ಪ್ರತಿ ತಟ್ಟೆಯ ಅರ್ಧಕ್ಕೆ ಹುರಿದ ಮಾಂಸದ ಚೂರುಗಳನ್ನು ಕೊಟ್ಟು ಉಳಿದರ್ಧವನ್ನು ಉಪವಾಸ ಕೆಡವಿದನು. ಉಂಡವು ಉಪವಾಸದವಕ್ಕಿಂತ ಎರಡು ಪಟ್ಟಿಗೂ ಮೀರಿ ಬೀಜ ಕಟ್ಟಿದವು. 1878ರಲ್ಲಿ ಈ ಫಲ ಪ್ರಕಟವಾಯಿತು.

ನಮ್ಮ ಬಂಡೆಗಳ ಗಿಡಗಳಿಗೂ ಬೀಜವೇ ಸರ್ವಸ್ವ. ಅವು ಸಾಮಾನ್ಯವಾಗಿ ಒಂದೇ ಋತುವಿನವು. ಜಿನುಗು ಬತ್ತಿದಾಗ ತಾವೂ ಒಣಗಿ, ಮುಂದಿನ ಮಳೆಗೆ ಬೀಜದಿಂದ ಮತ್ತೆ ಹುಟ್ಟುತ್ತವೆ. ವಿನೋದಕ್ಕೆಂದು ಹೂ ಬಿಡುವ ಮೊದಲೇ ಕಿತ್ತು ಪಟ್ಟಣಕ್ಕೆ ತಂದರೆ ಆ ತಾವಿನಲ್ಲಿ ಮರುವರ್ಷಕ್ಕೆ ಬೀಜವಿಲ್ಲ. ತಂದ ಗಿಡವಾದರೂ ಬದುಕುವುದೇ? ಗೊಬ್ಬರದ ಮಣ್ಣಿಗೆ ಅದರ ಬೇರು ಬೆಂದುಹೋಗುತ್ತದೆ. ಕೊಳವೆಬಾವಿಯ ಗಡಸು ನೀರೂ ಅದಕ್ಕಾಗದು, ಮಳೆಯ ನೀರೇ ಬೇಕು.