74 ದಿನಗಳ ಲೆಕ್ಕ

ಅಮ್ಮನ ಕಿವಿ ಮಿಷನ್ನು ರಿಪೇರಿಗೆ ಹೋದದ್ದು ಹೋದ ವರ್ಷ ಶ್ರಾವಣದಲ್ಲಿ. ವಾಪಸು ಬಂದಾಗ ದೀಪಾವಳಿ ಹತ್ತಿರವಾಗಿತ್ತು. ನಡುವೆ 74 ದಿನ. ಮಿಷನ್ನು ಕೊಂಡು 22 ತಿಂಗಳಾಗಿತ್ತು, ವಾರಂಟಿ ಎರಡು ವರ್ಷದ್ದು. ಅಂಗಡಿಯ ಹುಡುಗ ಜಾಬ್ ಕಾರ್ಡ್ ಬರೆದುಕೊಟ್ಟು, ‘ಹದಿನೈದು ದಿನದಲ್ಲಿ ಬಂದ್ಬಿಡುತ್ತೆ ಸರ್’ ಅಂದಿದ್ದ. ಆಮೇಲೆ ಹೋದಾಗಲೆಲ್ಲ ‘ಸ್ಪೇರ್ ಬಂದಿಲ್ಲ’, ‘ಕಂಪನಿಗೆ ಮೇಲ್ ಹಾಕಿದೀವಿ’, ‘ಈ ವಾರ ಗ್ಯಾರಂಟಿ’.

ಶಿರಸಿಯಲ್ಲಿರುವ ದೊಡ್ಡಮ್ಮನ ಜೊತೆ ದಿನಾ ಸಂಜೆ ಫೋನಿನಲ್ಲಿ ಅರ್ಧ ಗಂಟೆ ಮಾತಾಡುವುದು ಅಮ್ಮನ ರೂಢಿ. ದೊಡ್ಡಮ್ಮ ಎರಡು ವಾರ ಕೂಗಿ ಕೂಗಿ ಮಾತಾಡಿದರು. ಆಮೇಲೆ ಫೋನ್ ಮಾಡುವುದನ್ನೇ ಬಿಟ್ಟರು. ಅಮ್ಮ ಕೇಳಿಸದ ಮಾತಿಗೆಲ್ಲ ‘ಹೂಂ’ ಅನ್ನುವುದನ್ನು ಅಭ್ಯಾಸ ಮಾಡಿಕೊಂಡರು. ‘ಊಟಕ್ಕೆ ಏನು ಮಾಡಲಿ?’ ಅಂದರೂ ಹೂಂ, ‘ಕಾಲು ನೋವು ಹೇಗಿದೆ?’ ಅಂದರೂ ಹೂಂ. ಕೊನೆಗೆ ಬಂದ ಮಿಷನ್ನು ಒಂಬತ್ತು ದಿನ ಸರಿಯಾಗಿದ್ದು, ಮತ್ತೆ ಸಿಳ್ಳೆ ಹಾಕಲು ಶುರು ಮಾಡಿತು. ತೆಗೆದುಕೊಂಡು ಹೋದರೆ, ‘ವಾರಂಟಿ ಮುಗಿದಿದೆಯಲ್ಲ ಸರ್, ಚಾರ್ಜ್ ಆಗುತ್ತೆ’ ಎಂದರು.

ಮಿಷನ್ನು ಅವರ ಕಪಾಟಿನಲ್ಲಿ ಮಲಗಿದ್ದ 74 ದಿನಗಳನ್ನು ನಮ್ಮ ಎರಡು ವರ್ಷದಲ್ಲಿ ಕಳೆದುಬಿಟ್ಟಿದ್ದರು! ನಾನು ಇತಿಹಾಸ ಪಾಠ ಹೇಳುವವನು. ಸಿಟ್ಟು ಬಂದಾಗ ಜಗಳವಾಡಲು ಬಾರದು, ಹಳೆಯ ಕಾಗದ ಹುಡುಕಲು ಬರುತ್ತದೆ. ಈ ಲೆಕ್ಕ ಎಲ್ಲಿಂದ ಬಂತು, ಕಾಯುವವನ ಕಾಲಕ್ಕೆ ಕಾನೂನು ಯಾವತ್ತಾದರೂ ಬೆಲೆ ಕಟ್ಟಿದೆಯೇ ಎಂದು ಹುಡುಕುತ್ತ ಹೋದೆ.

ಮೊದಲು ಸಿಕ್ಕಿದ್ದು 1930ರ ಸರಕು ಮಾರಾಟ ಕಾಯ್ದೆ. ಬ್ರಿಟನ್ನಿನ 1893ರ ಕಾಯ್ದೆಯನ್ನು ಮಾದರಿಯಾಗಿಟ್ಟುಕೊಂಡು ಬ್ರಿಟಿಷ್ ಭಾರತಕ್ಕಾಗಿ ರೂಪಿಸಿದ್ದು, ಇವತ್ತಿಗೂ ಜಾರಿಯಲ್ಲಿದೆ. ಅದರ 12ನೇ ಕಲಮಿನಲ್ಲಿ ವಾರಂಟಿ ಎಂಬ ಪದದ ಅರ್ಥ ನೋಡಿ ನನಗೆ ಆಶ್ಚರ್ಯವಾಯಿತು. ಮಾರಾಟದ ಮಾತುಗಳಲ್ಲಿ ಎರಡು ಜಾತಿ. ಒಪ್ಪಂದದ ಜೀವಾಳವಾದದ್ದು ‘ಕಂಡೀಷನ್’. ಅದು ಮುರಿದರೆ ಕೊಂಡವನು ಒಪ್ಪಂದವನ್ನೇ ತಳ್ಳಿಹಾಕಬಹುದು. ಅದಕ್ಕೆ ಹೊಂದಿಕೊಂಡ, ಎರಡನೇ ಸಾಲಿನ ಮಾತು ‘ವಾರಂಟಿ’. ಅದು ಮುರಿದರೆ ನಷ್ಟ ಕೇಳಬಹುದೇ ಹೊರತು ಸರಕನ್ನು ತಿರಸ್ಕರಿಸುವ ಹಕ್ಕಿಲ್ಲ. ನಾವು ಅಭಯಹಸ್ತವೆಂದು ನಂಬಿಕೊಂಡಿರುವ ಪದ ಕಾನೂನಿನ ಪುಸ್ತಕದಲ್ಲಿ ಎರಡನೇ ದರ್ಜೆಯದು. ಅದರ ಸೋದರ ಪದ ‘ಗ್ಯಾರಂಟಿ’ ಕನ್ನಡಕ್ಕೆ ಬಂದು ‘ಖಂಡಿತ’ ಎಂಬ ಅರ್ಥ ಪಡೆದು ಸುಖವಾಗಿದೆ. ಅಂಗಡಿಯ ಹುಡುಗನ ‘ಈ ವಾರ ಗ್ಯಾರಂಟಿ’ ಮಾತ್ರ ಆ ಅರ್ಥಕ್ಕೂ ಕಳಂಕ ತಂದಿತು.

ಆ ಕಾಯ್ದೆಯ ಹಿಂದಿದ್ದ ಧೋರಣೆ, ಕೊಳ್ಳುವವನು ಕಣ್ಣು ಬಿಟ್ಟು ಕೊಳ್ಳಲಿ ಎಂಬುದು. ಕೆಲವು ವಿನಾಯಿತಿಗಳಿದ್ದವು ನಿಜ, ಆದರೆ ಮೂಲ ಅದೇ. ಸಂತೆಯಲ್ಲಿ ಎತ್ತಿನ ಹಲ್ಲು ನೋಡಿ, ಬಾಲ ಮುಟ್ಟಿ ಕೊಳ್ಳುತ್ತಿದ್ದ ಕಾಲಕ್ಕೆ ಅದು ಸರಿಯಿತ್ತೇನೋ. ಕಿವಿಯೊಳಗೆ ಕೂರುವ ಮಿಷನ್ನಿನ ಹಲ್ಲನ್ನು ಯಾರು ಎಣಿಸಬೇಕು?

ಸ್ವಾತಂತ್ರ್ಯ ಬಂದ ಮೇಲಿನ ದಶಕಗಳಲ್ಲಿ ನಮ್ಮಲ್ಲಿ ರಿಪೇರಿಗೆ ಕಾಯುವುದು ದೊಡ್ಡ ಮಾತಾಗಿರಲಿಲ್ಲ. ವಸ್ತು ಕೈಗೆ ಸಿಗುವುದಕ್ಕೇ ಕಾಯಬೇಕಿತ್ತಲ್ಲ. ಯಾವ ಕಾರ್ಖಾನೆ ಎಷ್ಟು ತಯಾರಿಸಬೇಕು ಎಂಬುದಕ್ಕೆ ಸರ್ಕಾರದ ಪರವಾನಗಿ ಬೇಕಿದ್ದ ಕಾಲ. ದೂರವಾಣಿಗೆ, ಸ್ಕೂಟರಿಗೆ, ಗ್ಯಾಸ್ ಸಿಲಿಂಡರಿಗೆ ವರ್ಷಗಟ್ಟಲೆ ಸರದಿ. ಅಪ್ಪ ಸ್ಕೂಟರಿಗೆ ಮುಂಗಡ ಕಟ್ಟಿದಾಗ ನಾನು ಮೂರನೇ ಕ್ಲಾಸು. ಸ್ಕೂಟರ್ ಬಂದಾಗ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಓದುತ್ತಿದ್ದೆ. ಬಂದ ದಿನ ಹೂವು ಹಾಕಿ, ನಿಂಬೆಹಣ್ಣು ತುಳಿಸಿ, ಬೀದಿಯವರಿಗೆಲ್ಲ ಪೇಡ ಹಂಚಿದ್ದರು. ತಡವಾಯಿತೆಂದು ಯಾರ ಮೇಲೂ ಅವರಿಗೆ ಸಿಟ್ಟಿರಲಿಲ್ಲ. ನಮ್ಮ ತಂದೆಯರ ತಲೆಮಾರಿಗೆ ಕಾಯುವುದು ಮಳೆಗಾಲದ ಹಾಗೆ, ಯಾರೂ ಮಾಡಿದ್ದಲ್ಲ, ಯಾರೂ ಹೊಣೆಯಲ್ಲ. ಮಾರುವವನ ಮುಂದೆ ಎಂಟು ವರ್ಷದ ಸರದಿ ನಿಂತಿರುವಾಗ, ಕೊಂಡುಹೋದವನ ದೂರಿಗೆ ಅವನೇಕೆ ಹೆದರಬೇಕು?

ಈ ಧೋರಣೆಗೆ ಸರ್ಕಾರದ ಕಾಗದದಲ್ಲೇ ಒಂದು ಬಿರುಕು ಬಿದ್ದದ್ದು 1978ರಲ್ಲಿ. ಕಂಪನಿ ಕಾನೂನು ಮತ್ತು ಏಕಸ್ವಾಮ್ಯ ನಿಯಂತ್ರಣ ಕಾನೂನುಗಳನ್ನು ಪರಿಶೀಲಿಸಲು ನ್ಯಾಯಮೂರ್ತಿ ರಾಜಿಂದರ್ ಸಾಚಾರ್ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ್ದ ಸಮಿತಿ ಆ ವರ್ಷ ವರದಿ ಕೊಟ್ಟಿತು. 1969ರ ಏಕಸ್ವಾಮ್ಯ ಕಾಯ್ದೆ ದೊಡ್ಡ ಕಂಪನಿಗಳು ಪರಸ್ಪರ ಸ್ಪರ್ಧೆಯನ್ನು ಕೊಲ್ಲದಂತೆ ನೋಡಿಕೊಳ್ಳುತ್ತಿತ್ತು. ಗಿರಾಕಿಗೆ ಸುಳ್ಳು ಹೇಳುವುದನ್ನು ತಡೆಯುವ ವ್ಯವಸ್ಥೆ ಅದರಲ್ಲಿರಲಿಲ್ಲ. ಸಮಿತಿ ಆ ಕೊರತೆಯನ್ನು ಎತ್ತಿ ತೋರಿಸಿತು. 1984ರ ತಿದ್ದುಪಡಿಯಲ್ಲಿ ‘ಅನುಚಿತ ವ್ಯಾಪಾರ ಪದ್ಧತಿ’ ಎಂಬ ಹೊಸ ಭಾಗವೇ ಸೇರಿತು.

ಆ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ರಿಪೇರಿಯ ಕುರಿತ ಒಂದು ಉಪಕಲಮಿನ ಮೇಲೆ. ವಸ್ತುವನ್ನು ದುರಸ್ತಿ ಮಾಡಿಕೊಡುತ್ತೇವೆ, ಬದಲಾಯಿಸಿಕೊಡುತ್ತೇವೆ ಎಂಬ ಭರವಸೆ ದಾರಿತಪ್ಪಿಸುವಂತಿದ್ದರೆ, ಅಥವಾ ಆ ಭರವಸೆ ಈಡೇರುವ ಸಮಂಜಸ ಸಾಧ್ಯತೆಯೇ ಇಲ್ಲದಿದ್ದರೆ, ಅದು ಅನುಚಿತ ವ್ಯಾಪಾರ. ಬಿಡಿಭಾಗವನ್ನು ದಾಸ್ತಾನಿಡದೆ, ರಿಪೇರಿ ಬಲ್ಲವನನ್ನು ನೇಮಿಸದೆ ಚೆಂದದ ವಾರಂಟಿ ಚೀಟಿ ಮಾತ್ರ ಅಚ್ಚು ಹಾಕಿಸುವ ಕಂಪನಿಗೆ ಹೇಳಿ ಬರೆಸಿದಂತಿದೆ. ಮಾರುವ ದಿನ ಕೊಟ್ಟ ಮಾತನ್ನು ನಡೆಸುವ ಸಿದ್ಧತೆ ಆ ದಿನ ಇತ್ತೇ ಎಂದು ಕೇಳುವ ಈ ಪ್ರಶ್ನೆ, ನನ್ನ ಮಟ್ಟಿಗೆ, ಇಡೀ ಗ್ರಾಹಕ ಕಾನೂನಿನ ಅತ್ಯಂತ ಬುದ್ಧಿವಂತ ಪ್ರಶ್ನೆ. 1986ರ ಗ್ರಾಹಕ ಸಂರಕ್ಷಣಾ ಕಾಯ್ದೆಗೂ ಅದು ಹರಿದುಬಂತು, 2019ರ ಹೊಸ ಕಾಯ್ದೆಯಲ್ಲೂ ಉಳಿದಿದೆ. ಅದನ್ನು ಓದಿದ ಗಿರಾಕಿಯನ್ನು ನಾನಿನ್ನೂ ಭೇಟಿಯಾಗಿಲ್ಲ.

1986ರ ಡಿಸೆಂಬರ್ 24ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆ ಕಾಯ್ದೆ ಜಿಲ್ಲೆಗೊಂದು ವೇದಿಕೆ ಕೊಟ್ಟಿತು. ವಕೀಲರಿಲ್ಲದೆ ಹೋಗಿ ದೋಷ ಸರಿಪಡಿಸಿಕೊಡಿ, ಬದಲಿ ಕೊಡಿ, ಹಣ ಹಿಂದಿರುಗಿಸಿ ಎಂದು ಕೇಳಬಹುದಾಯಿತು. ಸರಕಿನ ‘ದೋಷ’ದ ಜೊತೆಗೆ ಸೇವೆಯ ‘ನ್ಯೂನತೆ’ ಎಂಬ ಪರಿಕಲ್ಪನೆ ಬಂದದ್ದೂ ಇಲ್ಲೇ. ಇದು ಸಣ್ಣ ಬದಲಾವಣೆಯಲ್ಲ. ಮಿಷನ್ನು ಕೆಟ್ಟದ್ದು ಒಂದು ತಪ್ಪು; ಅದನ್ನು ಸರಿಮಾಡುವ ರೀತಿ ಕೆಟ್ಟದ್ದು ಬೇರೆಯೇ ಇನ್ನೊಂದು ತಪ್ಪು.

ಕಾಯುವಿಕೆಗೆ ಬೆಲೆ ಕಟ್ಟಿದ ತೀರ್ಪು 1993ರ ನವೆಂಬರಿನದು. ಅದು ರಿಪೇರಿಯದ್ದಲ್ಲ, ಮನೆಯದ್ದು. ದುಡ್ಡು ಕಟ್ಟಿಸಿಕೊಂಡು ಮನೆ ಒಪ್ಪಿಸದೆ ಸತಾಯಿಸಿದ ಲಕ್ನೋ ಅಭಿವೃದ್ಧಿ ಪ್ರಾಧಿಕಾರ, ತಾನು ಸರ್ಕಾರಿ ಸಂಸ್ಥೆ, ತನಗೆ ಈ ಕಾಯ್ದೆ ಅನ್ವಯಿಸದು ಎಂದು ವಾದಿಸಿತ್ತು. ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಮನೆ ಕಟ್ಟಿಕೊಡುವುದೂ ಸೇವೆಯೇ, ವಿಳಂಬವೂ ನ್ಯೂನತೆಯೇ ಎಂದಿತು. ಪರಿಹಾರವೆಂದರೆ ಕೈಬಿಟ್ಟ ಹಣದ ಲೆಕ್ಕವಷ್ಟೇ ಅಲ್ಲ, ಪಟ್ಟ ಕಿರುಕುಳ ಮತ್ತು ಮನೋವೇದನೆಯೂ ಅದರೊಳಗೆ ಬರುತ್ತದೆ ಎಂದಿತು. ಅಷ್ಟಕ್ಕೇ ಬಿಡದೆ, ಆ ಹಣವನ್ನು ಕಾರಣರಾದ ಅಧಿಕಾರಿಗಳಿಂದಲೇ ವಸೂಲು ಮಾಡುವ ದಾರಿಯನ್ನೂ ತೋರಿತು. ಅಪ್ಪನ ಕಾಲದ ಮಳೆಗಾಲಕ್ಕೆ ಕೊನೆಗೂ ಒಬ್ಬ ಹೊಣೆಗಾರ ಸಿಕ್ಕಿದ್ದ.

ದಾರಿ ನೇರವಾಗಿಯೇನೂ ಸಾಗಲಿಲ್ಲ. 2006ರಲ್ಲಿ ಮಾರುತಿ ಕಾರೊಂದರ ಪ್ರಕರಣದಲ್ಲಿ ಅದೇ ಸುಪ್ರೀಂ ಕೋರ್ಟ್, ವಾರಂಟಿಯಲ್ಲಿ ದೋಷವಿರುವ ಭಾಗವನ್ನು ಬದಲಿಸುವ ಮಾತಿದೆಯೇ ಹೊರತು ಇಡೀ ಕಾರನ್ನು ಬದಲಿಸುವ ಮಾತಿಲ್ಲ ಎಂದು ಹೇಳಿ, ಹೊಸ ಕಾರು ಕೊಡಬೇಕೆಂಬ ಆದೇಶವನ್ನು ತೆಗೆದು ಪರಿಹಾರದ ಹಣವನ್ನಷ್ಟೇ ಕೊಡಿಸಿತು. ಚೀಟಿಯ ಸಣ್ಣ ಅಕ್ಷರಗಳಿಗೆ ಇನ್ನೂ ಬಲವಿದೆ ಎಂದಾಯಿತು.

ಆದರೆ ‘ಎಷ್ಟು ದಿನ’ ಎಂಬ ನನ್ನ ಪ್ರಶ್ನೆ ಹಾಗೇ ಉಳಿದಿತ್ತು. ಅದಕ್ಕೆ ಅಂಕಿಯಲ್ಲಿ ಉತ್ತರ ಕೊಟ್ಟವರು ಅಮೆರಿಕದವರು. ಕ್ಯಾಲಿಫೋರ್ನಿಯಾದಲ್ಲಿ 1970ರಲ್ಲಿ ಬಂದ ಸಾಂಗ್–ಬೆವರ್ಲಿ ಕಾಯ್ದೆಯ ಪ್ರಕಾರ ವಾರಂಟಿಯ ರಿಪೇರಿ ಸಾಮಾನ್ಯವಾಗಿ 30 ದಿನದೊಳಗೆ ಮುಗಿಯಬೇಕು. ವಸ್ತು ರಿಪೇರಿಯಲ್ಲಿರುವಷ್ಟು ಕಾಲ ವಾರಂಟಿಯ ಗಡಿಯಾರ ನಿಲ್ಲುತ್ತದೆ. ಇದನ್ನು ಓದಿದ ರಾತ್ರಿ ನಾನು ಎದ್ದು ಕೂತಿದ್ದೆ. ನನ್ನ ಸಿಟ್ಟು ಬರಿ ಸಿಟ್ಟಲ್ಲ, ಅದು ಒಂದು ಕಡೆ ಕಾನೂನೇ ಆಗಿದೆ! 1982ರಲ್ಲಿ ಕನೆಕ್ಟಿಕಟ್ ರಾಜ್ಯ ಹೊಸ ಕಾರುಗಳಿಗೆ ಇಂಥದೇ ಗೆರೆ ಎಳೆಯಿತು: ಒಂದೇ ದೋಷಕ್ಕೆ ನಾಲ್ಕು ಬಾರಿ ರಿಪೇರಿ, ಇಲ್ಲವೇ ಒಟ್ಟು 30 ದಿನ ಗ್ಯಾರೇಜಿನ ವಾಸ, ಅದಾದ ಮೇಲೂ ಸರಿಯಾಗದಿದ್ದರೆ ಬದಲಿ ಕಾರು ಅಥವಾ ಹಣ. ಬ್ರಿಟನ್ನಿನ 2015ರ ಕಾಯ್ದೆ ಅಂಕಿ ಹೇಳುವುದಿಲ್ಲ. ‘ಸಮಂಜಸ ಅವಧಿಯಲ್ಲಿ, ಗಣನೀಯ ಅನಾನುಕೂಲವಿಲ್ಲದೆ’ ಅನ್ನುತ್ತದೆ. ಒಮ್ಮೆ ರಿಪೇರಿಯಾದ ಮೇಲೂ ಸರಿಹೋಗದಿದ್ದರೆ ಸರಕನ್ನು ತಿರಸ್ಕರಿಸಬಹುದು, ಇಲ್ಲವೇ ಬೆಲೆ ಇಳಿಸಿ ಎನ್ನಬಹುದು.

ನಮ್ಮ 2019ರ ಕಾಯ್ದೆ, 2020ರ ಜುಲೈ 20ರಿಂದ ಜಾರಿಗೆ ಬಂದದ್ದು, ರಿಪೇರಿಗೆ ದಿನ ನಿಗದಿ ಮಾಡಿಲ್ಲ. ಗಡಿಯಾರ ನಿಲ್ಲಿಸುವ ಸಾಲೂ ಅದರಲ್ಲಿಲ್ಲ. ಆದರೆ ದೋಷವಿರುವ ಸರಕನ್ನು ಹಿಂದಕ್ಕೆ ಪಡೆದು ಹಣ ಕೊಡಲು ನಿರಾಕರಿಸುವುದನ್ನು ಅನುಚಿತ ವ್ಯಾಪಾರಗಳ ಪಟ್ಟಿಗೆ ಸೇರಿಸಿ, ಬಿಲ್ಲಿನಲ್ಲಿ ಅವಧಿ ಹೇಳಿರದಿದ್ದರೆ 30 ದಿನ ಎಂದಿದೆ. ಉಳಿದದ್ದು ಆಯೋಗದ ವಿವೇಚನೆ. ಇನ್ನೊಂದು ಒಳ್ಳೆಯ ಬದಲಾವಣೆಯೆಂದರೆ, ವಸ್ತು ಎಲ್ಲಿಯೇ ಕೊಂಡಿರಲಿ, ನಾವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ವಸ್ತುವಿನ ಬೆಲೆ ₹5 ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗದಲ್ಲಿ ಶುಲ್ಕವಿಲ್ಲ. ಆನ್‌ಲೈನಿನಲ್ಲೂ ಸಲ್ಲಿಸಬಹುದು. ಕಾರಣ ಹುಟ್ಟಿ ಎರಡು ವರ್ಷದೊಳಗೆ ಆಗಬೇಕು, ಅಷ್ಟೆ. ಜಾಬ್ ಕಾರ್ಡನ್ನು ಎಸೆಯದೆ ಇಟ್ಟುಕೊಳ್ಳಿ ಎಂದು ನನ್ನ ವಿದ್ಯಾರ್ಥಿಗಳಿಗೆ ಈಗ ಪಾಠದ ನಡುವೆಯೂ ಹೇಳುತ್ತೇನೆ. ತಾರೀಖು ಇರುವುದು ಅದರಲ್ಲಿ ಮಾತ್ರ.

ಈ ಇತಿಹಾಸದಲ್ಲಿ ನಗು ತರಿಸುವ ಸಂಗತಿಯೂ ಇದೆ. ವಿಳಂಬಕ್ಕೆ ಪರಿಹಾರ ಕೊಡಿಸಬೇಕಾದ ಆಯೋಗಗಳಿಗೇ ಕಾಯ್ದೆ ಗಡುವು ವಿಧಿಸಿದೆ: ಸರಕನ್ನು ಪರೀಕ್ಷೆಗೆ ಕಳಿಸಬೇಕಿಲ್ಲದಿದ್ದರೆ ಮೂರು ತಿಂಗಳು, ಕಳಿಸಬೇಕಿದ್ದರೆ ಐದು. ಸಾಧ್ಯವಾದಷ್ಟು ಮಟ್ಟಿಗೆ ಎಂಬ ಮಾತನ್ನೂ ಸೇರಿಸಿಕೊಂಡಿದೆ. ಆಯೋಗಗಳಲ್ಲಿ ಅಧ್ಯಕ್ಷರು, ಸದಸ್ಯರ ಹುದ್ದೆಗಳು ಖಾಲಿ ಬಿದ್ದಿರುವುದನ್ನು ಕಂಡು 2021ರಲ್ಲಿ ಸುಪ್ರೀಂ ಕೋರ್ಟೇ ಸ್ವಯಂಪ್ರೇರಿತವಾಗಿ ಪ್ರಕರಣ ಎತ್ತಿಕೊಂಡು ಸರ್ಕಾರಗಳನ್ನು ಕೇಳಬೇಕಾಯಿತು. ಸ್ಪೇರ್ ಬಂದಿಲ್ಲ ಎಂಬ ಉತ್ತರ ಅಲ್ಲೂ ಇತ್ತು ಎನ್ನಬಹುದು.

ಹೀಗೆಲ್ಲ ಓದಿದ ಮೇಲೆ ಅಂಗಡಿಗೂ ಕಂಪನಿಗೂ ರಿಜಿಸ್ಟರ್ಡ್ ಪೋಸ್ಟಿನಲ್ಲಿ ನೋಟಿಸು ಕಳಿಸಿದೆ. ಉತ್ತರ ಬರಲಿಲ್ಲ. ದೂರು ಬರೆಯಲು ಕೂತೆ. ಮಿಷನ್ನು ಉಚಿತವಾಗಿ ಸರಿಮಾಡಿಕೊಡಬೇಕು ಅಥವಾ ಬದಲಿಸಬೇಕು, ವಾರಂಟಿಗೆ 74 ದಿನ ಸೇರಿಸಬೇಕು ಎಂದು ಬರೆಯುವುದು ಸುಲಭವಿತ್ತು. ಮನೋವೇದನೆಗೆ ಎಷ್ಟು ಎಂಬಲ್ಲಿ ಪೆನ್ನು ನಿಂತಿತು. ಅಮ್ಮನ ಹತ್ತಿರ ಹೋಗಿ, ಗಟ್ಟಿಯಾಗಿ, ‘ಪರಿಹಾರ ಎಷ್ಟು ಕೇಳಲಮ್ಮಾ?’ ಅಂದೆ.

‘ಹೂಂ’ ಅಂದರು.

ಕಾಗದದ ಮೇಲೆ ಬರೆದು ತೋರಿಸಿದೆ. ಕನ್ನಡಕ ಹಾಕಿಕೊಂಡು ಓದಿ, ‘ಅಕ್ಕನ ಹತ್ರ ಮಾತಾಡದೆ ಇದ್ದಿದ್ದಕ್ಕೂ ದುಡ್ಡು ಕೊಡ್ತಾರೇನೋ?’ ಎಂದು ಕೇಳಿದರು. ಕೊಡಬಹುದು, 1993ರಲ್ಲಿ ಹಾಗೊಂದು ತೀರ್ಪಾಗಿದೆ ಎಂದು ಬರೆದೆ. ಸ್ವಲ್ಪ ಹೊತ್ತು ಯೋಚಿಸಿ, ‘ಹಾಗಾದ್ರೆ ನೀನೇ ನೋಡಿ ಬರೆ. ಜಾಸ್ತಿ ಬರೀಬೇಡ, ಪಾಪ, ಆ ಹುಡುಗನ ಸಂಬಳದಲ್ಲಿ ಹಿಡಿದುಬಿಟ್ಟಾರು’ ಅಂದರು.

₹15,000 ಎಂದು ಬರೆದಿದ್ದೇನೆ. ಮೊದಲ ವಿಚಾರಣೆ ಬರುವ ತಿಂಗಳು. ತಾನೂ ಬರುತ್ತೇನೆ ಎಂದು ಅಮ್ಮ ಹಟ ಹಿಡಿದಿದ್ದಾರೆ.